ಒಂಬತ್ತು ನಲವತ್ತರ ಹೂವು

ಮೂರು ವರ್ಷದಿಂದ ಒಂದೇ ಒಂದು ಹೂವು ಕಾಣದ ಪಾತಿಯ ಒಡತಿಗೆ ಆ ಕಟ್ಟಡದವರು ಹೂವಕ್ಕ ಎಂದು ಹೆಸರಿಟ್ಟಿದ್ದರು. ಇಟ್ಟವರಿಗೆ ತಮಾಷೆ, ಇಡಿಸಿಕೊಂಡವಳಿಗೆ ಮೈಯುರಿ. ಮೆಟ್ಟಿಲ ಮೇಲೆ ಯಾರಾದರೂ "ಏನ್ ಹೂವಕ್ಕ, ಬಿಡ್ತಾ ಹೂವು?" ಎಂದರೆ, "ನಿಮ್ಮ ನಾಲಿಗೆ ಸ್ವಲ್ಪ ಒಣಗಲಿ, ಆಮೇಲೆ ಬಿಡುತ್ತೆ" ಎಂದು ಅಲ್ಲೇ ತಿರುಗಿಸಿ ಕೊಟ್ಟು ಮೇಲೆ ಹೋಗುವಳು. ಹನ್ನೆರಡು ಮನೆಯ ಆ ಕಟ್ಟಡದಲ್ಲಿ ಮಾತಿನಲ್ಲಿ ಹೂವಕ್ಕನನ್ನು ಗೆದ್ದವರು ಯಾರೂ ಇರಲಿಲ್ಲ. ಗೆದ್ದು ಗೆದ್ದು ಅಭ್ಯಾಸವಾಗಿದ್ದೇ ಆಕೆಗೆ ಮುಳುವಾಯಿತು.

ಪಾತಿ ಎಂದರೆ ಏನು ಮಹಾ? ಕಟ್ಟಡದ ಹಿಂದೆ ಬಟ್ಟೆ ಒಣಹಾಕುವ ತಂತಿಗೂ ಕಾಂಪೌಂಡು ಗೋಡೆಗೂ ನಡುವೆ ಎರಡು ಮಂಚ ಹಿಡಿಸುವಷ್ಟು ಮಣ್ಣು. ಉಳಿದದ್ದೆಲ್ಲ ಸಿಮೆಂಟು. ಪಕ್ಕದ ಕಟ್ಟಡದ ನೀರಿನ ಟ್ಯಾಂಕನ್ನು ದಾಟಿ ಅಲ್ಲಿಗೆ ಬಿಸಿಲು ಬರುವುದು ಒಂಬತ್ತರ ಮೇಲೆ, ನಾಲ್ಕಕ್ಕೆಲ್ಲ ಹೊರಟುಹೋಗುತ್ತದೆ. ಹೂವಕ್ಕನದು ದೊಡ್ಡಾಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆ ನಾಲ್ಕೂವರೆಗೆ ವಾಪಸು. ಅಷ್ಟು ಹೊತ್ತೂ ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಟವೆಲು, ಎಲ್ಲವೂ ಬಿಳಿ. ಬಿಳಿ ನೋಡಿ ನೋಡಿ ಕಣ್ಣು ರೋಸಿಹೋದವಳಿಗೆ ಒಂದು ದಿನ ಬೀಜದಂಗಡಿಯಲ್ಲಿ ಆ ಪೊಟ್ಟಣ ಕಂಡಿತು. ಮೇಲೆ ಅನೆಮೊನಿ ಹೂವಿನ ಚಿತ್ರ: ಕೆಂಪೆಂದರೆ ಕೆಂಪು, ನಡುವೆ ಕಾಡಿಗೆಯಂಥ ಕಪ್ಪು. ಚಳಿಗೆ ಮೊದಲು ನೆಟ್ಟರೆ ವಸಂತದಲ್ಲಿ ಹೂವು ಎಂದು ಬರೆದಿತ್ತು. ಅಂದಿನಿಂದ ಆಕೆಗೆ ಬೇರೆ ಹೂವು ಹೂವೇ ಅಲ್ಲ.

ಪೊಟ್ಟಣದೊಳಗೆ ಇದ್ದದ್ದು ಮಾತ್ರ ಒಣದ್ರಾಕ್ಷಿಗಿಂತ ಕಪ್ಪಗೆ, ಕಲ್ಲಿನಷ್ಟು ಗಟ್ಟಿಯಾಗಿ, ಸೊಟ್ಟಸೊಟ್ಟಗಿದ್ದ ಗೆಡ್ಡೆಗಳು. ತಲೆ ಯಾವುದು ಬುಡ ಯಾವುದು ಎಂದು ಹೆತ್ತ ತಾಯಿಗೂ ಗೊತ್ತಾಗುವಂತಿರಲಿಲ್ಲ. ನೆಡುವ ಮೊದಲು ನಾಲ್ಕು ಗಂಟೆ ನೀರಲ್ಲಿ ನೆನೆಸಿ ಎಂದಿತ್ತು. ನಾಲ್ಕು ಗಂಟೆ ಒಳ್ಳೆಯದಾದರೆ ಎರಡು ದಿನ ಇನ್ನೂ ಒಳ್ಳೆಯದಲ್ಲವೇ ಎಂದು ಹೂವಕ್ಕ ಮೊದಲನೆಯ ವರ್ಷ ಎರಡು ದಿನ ನೆನೆಸಿದಳು. ಗೆಡ್ಡೆಗಳು ಕೊಳೆತು ನಾರಿದವು. ಆಯಿತು, ತನ್ನದೇ ತಪ್ಪು ಎಂದು ಒಪ್ಪಿಕೊಂಡಳು. ಎರಡನೆಯ ವರ್ಷ ಎಲ್ಲವನ್ನೂ ಅಕ್ಷರ ಬಿಡದೆ ಮಾಡಿದಳು, ಮರಳು ಬೆರೆಸಿದಳು, ಹೆಚ್ಚು ನೀರು ಹಾಕಲಿಲ್ಲ. ಒಂದು ಎಲೆಯೂ ಮೇಲೆ ಬರಲಿಲ್ಲ. ಯಾಕೆ ಎಂದು ಗೊತ್ತಾಗದೆ ಸೋತದ್ದು ಕೊಳೆತು ಸೋತದ್ದಕ್ಕಿಂತ ಹೆಚ್ಚು ಉರಿಸಿತು.

ಅದೇ ಉರಿಯಲ್ಲಿದ್ದಾಗ ಮನೆಗಳ ಸಂಘದ ಕಾರ್ಯದರ್ಶಿ ಬಂದು, ಹಿಂದಿನ ಜಾಗಕ್ಕೂ ಸಿಮೆಂಟು ಹಾಕಿಸಿದರೆ ನಾಲ್ಕು ಸ್ಕೂಟರು ನಿಲ್ಲಿಸಬಹುದು ಎಂದರು. ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ, ಕೇಳಲಿಕ್ಕೆ ಬಂದಿದ್ದರು ಅಷ್ಟೆ. ಬೇಡ ಎಂದಿದ್ದರೆ ಇನ್ನೆರಡು ವರ್ಷ ಮಾತೆತ್ತುತ್ತಿರಲಿಲ್ಲ. ಹೂವಕ್ಕ ಬೇಡ ಎನ್ನಲಿಲ್ಲ. ಬಾಗಿಲಲ್ಲೇ ನಿಂತು, ಮೂರು ಮಹಡಿಗೂ ಕೇಳುವಂತೆ, "ಬರೋ ವಸಂತದ ಸಭೆ ದಿನ ಆ ಪಾತೀಲಿ ಹೂವು ತೋರಿಸ್ತೀನಿ. ಒಂದೇ ಒಂದು ಹೂವಿಲ್ಲ ಅಂದ್ರೆ ನೀವು ಸಿಮೆಂಟೇ ಹಾಕಿಸ್ಕೊಳ್ಳಿ, ನಾನೇ ನೀರು ಹಾಕಿ ಕಲಸಿ ಕೊಡ್ತೀನಿ" ಎಂದಳು. ಕಾರ್ಯದರ್ಶಿ ಸಂತೋಷದಿಂದ ಅದನ್ನು ಸಂಘದ ಪುಸ್ತಕದಲ್ಲಿ ಬರೆದುಕೊಂಡರು. ಕೇಳಿದವರೆಲ್ಲ ಸಾಕ್ಷಿಯಾದರು.

ಮೂರನೆಯ ವರ್ಷ ನಲವತ್ತು ಗೆಡ್ಡೆ ತಂದಳು. ಗಡಿಯಾರ ಎದುರಿಗಿಟ್ಟುಕೊಂಡು ನಾಲ್ಕು ಗಂಟೆ ನೆನೆಸಿದಳು. ಗಡಿಯಾರಕ್ಕೆ ಆ ಮನೆಯಲ್ಲಿ ಬರವಿರಲಿಲ್ಲ. ಹೂವಕ್ಕನ ಗಂಡನಿಗೆ ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಪುಟ್ಟ ಅಂಗಡಿಯಿತ್ತು. ಮಾತು ಕಡಿಮೆಯ ಮನುಷ್ಯ. ಹೆಂಡತಿ ಹತ್ತು ಮಾತಾಡಿದರೆ ಅವರದು ಅರ್ಧ ಮಾತು. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮುಟ ಹಿಡಿದು, ಮುಚ್ಚಿದ್ದನ್ನು ಬಿಚ್ಚಿ ಒಳಗೇನಾಗಿದೆ ಎಂದು ನೋಡುವುದರಲ್ಲೇ ಅವರ ಮೂವತ್ತು ವರ್ಷ ಕಳೆದಿತ್ತು.

"ಇದರಲ್ಲಿ ತಲೆ ಯಾವ ಕಡೆ?" ಎಂದು ಅವರು ನೆಡುವ ದಿನ ಒಂದು ಗೆಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗೊತ್ತಾಗಲ್ಲ. ಅಡ್ಡ ಇಟ್ಟು ಮುಚ್ಚಿದ್ರೆ ಅದೇ ದಾರಿ ಹುಡುಕ್ಕೊಳ್ಳುತ್ತೆ ಅಂತ ಬರ್ದಿದೆ."

"ಹುಡುಕ್ಕೊಳ್ಳದೆ ಇದ್ರೆ?"

"ಇದ್ರೆ ಇರ್ಲಿ. ನೀವು ಸುಮ್ನೆ ಕೊಡಿ ಇಲ್ಲಿ."

ಕೊಟ್ಟರು. ಆದರೆ ಆ ಪ್ರಶ್ನೆ ಅವರ ತಲೆಯಲ್ಲೇ ಉಳಿಯಿತು. ಅದನ್ನು ಹೂವಕ್ಕ ಗಮನಿಸಲಿಲ್ಲ.

ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಕೊತ್ತಂಬರಿ ಸೊಪ್ಪಿನಂಥ ಎಲೆ ಬರಬೇಕಿತ್ತು, ಬರಲಿಲ್ಲ. ಮಣ್ಣು ಅಲ್ಲಲ್ಲಿ ಕೆದಕಿದಂತೆ ಕಾಣುತ್ತಿತ್ತು. ಹೂವಕ್ಕ ಮೊದಲು ಹಕ್ಕಿಗಳನ್ನು ಬೈದಳು. ಆಮೇಲೆ ಕಾರ್ಯದರ್ಶಿಯ ಮನೆಯ ಬೆಕ್ಕಿನ ಮೇಲೆ ಗುಮಾನಿ ಬಂತು. ಬೆಕ್ಕಿಗೆ ಪಾತಿ ಕೆದಕಲು ಹೇಳಿಕೊಟ್ಟವರೇ ಕಾರ್ಯದರ್ಶಿ ಎಂದು ನೇರವಾಗಿ ಅವರ ಬಾಗಿಲಿಗೇ ಹೋಗಿ ಅಂದಳು. "ಅಮ್ಮಾ, ನನ್ನ ಮಾತು ನನ್ನ ಹೆಂಡ್ತೀನೇ ಕೇಳಲ್ಲ, ಬೆಕ್ಕು ಕೇಳುತ್ತಾ?" ಎಂದರು ಅವರು. ಆಕೆಗೆ ನಗು ಬರಲಿಲ್ಲ. ಮೂರನೆಯ ಮಹಡಿಯಲ್ಲಿದ್ದ ನಾದಿನಿ, ಅಂದರೆ ಗಂಡನ ತಂಗಿ, ಶಾಲೆಯಲ್ಲಿ ಪಾಠ ಹೇಳುವವಳು, "ತಾಳಿದವರು ಬಾಳ್ತಾರೆ ಅತ್ತಿಗೆ" ಎಂದಳು. ಸ್ಕೂಟರು ಇಟ್ಟುಕೊಂಡವಳಿಂದ ತಾಳ್ಮೆಯ ಉಪದೇಶ ಬೇಡ ಎಂದು ಹೂವಕ್ಕ ಅದಕ್ಕೂ ಕೊಟ್ಟಳು.

ಗುಟ್ಟು ಬಯಲಾದದ್ದು ಉಗ್ರಾಣದ ಬೀಗದ ಕೈ ಮರೆತದ್ದರಿಂದ. ಬಸ್ಸು ಹತ್ತಿ ಎರಡು ನಿಲ್ದಾಣ ಹೋದಮೇಲೆ ನೆನಪಾಗಿ, ಇಳಿದು, ತನ್ನನ್ನೇ ಶಪಿಸಿಕೊಳ್ಳುತ್ತ ವಾಪಸು ನಡೆದು ಬಂದಳು. ಆಗಷ್ಟೇ ಬೆಳಕು ಹರಿದಿತ್ತು. ಹಿಂದಿನ ದಾರಿಯಿಂದ ಬಂದವಳಿಗೆ ಪಾತಿಯಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತದ್ದು ಕಂಡಿತು. ಕಣ್ಣಿಗೆ ಮಸೂರ, ಕೈಯಲ್ಲಿ ಚಿಮುಟ, ಪಕ್ಕದಲ್ಲಿ ಒಂದು ನೋಟುಬುಕ್ಕು. ಅವರು ಒಂದು ಗೆಡ್ಡೆಯನ್ನು ಮಣ್ಣಿನಿಂದ ಮೆಲ್ಲಗೆ ಎತ್ತಿ, ಸುತ್ತ ತಿರುಗಿಸಿ ನೋಡಿ, ಏನೋ ಬರೆದುಕೊಂಡು, ತಲೆಕೆಳಗು ಮಾಡಿ ಮತ್ತೆ ಹೂತರು. ಆಮೇಲೆ ಪಕ್ಕದ್ದಕ್ಕೆ ಕೈ ಹಾಕಿದರು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಆಕೆಯ ಕಥೆ.

"ಏನ್ರೀ ಮಾಡ್ತಿದ್ದೀರಾ?"

ಅವರು ಬೆಚ್ಚಿಬಿದ್ದರು. ಕಣ್ಣಿನ ಮಸೂರ ಜಾರಿ ಮಣ್ಣಿಗೆ ಬಿತ್ತು. "ನೋಡ್ತಿದ್ದೆ."

"ಏನು ನೋಡ್ತಿದ್ರಿ?"

"ನಡೀತಿದೆಯಾ ನಿಂತಿದೆಯಾ ಅಂತ. ಮುಚ್ಚಿಟ್ಟು ಸುಮ್ನೆ ಬಿಟ್ರೆ ಹೇಗೆ ಗೊತ್ತಾಗುತ್ತೆ? ಕೆಲವು ಬೇರು ಮೇಲ್ಗಡೆ ಬಿಟ್ಟಿದ್ವು. ಸರಿ ಮಾಡಿ ಇಟ್ಟೆ."

"ಎಷ್ಟು ದಿನದಿಂದ?"

"ದಿನಾ ಒಂದು ಸಾಲು."

"ಹೋದ ವರ್ಷಾನೂ?"

ಅವರು ಸುಳ್ಳು ಹೇಳಲಾರದ ಮನುಷ್ಯ. ತಲೆಯಾಡಿಸಿದರು. ನೀನು ಸೋಲಬಾರದು ಅಂತಲೇ, ಎಂದು ಏನೋ ಸೇರಿಸಿದರು. ಅದು ಆಕೆಗೆ ಕೇಳಿಸಲೇ ಇಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಹೂವಕ್ಕ ಅಂದು ಹಾಕಿದ ಕೂಗಿಗೆ ಹನ್ನೆರಡು ಮನೆಯ ಕಿಟಕಿಗಳೂ ತೆರೆದುಕೊಂಡವು. ಕೂಗು ಅವತ್ತಿಗೆ ನಿಂತಿದ್ದರೆ ಚೆನ್ನಾಗಿತ್ತು. ಚಳಿಗಾಲ ಪೂರ್ತಿ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಆಕೆ ಅದೇ ಪುರಾಣ ಬಿಚ್ಚಿದಳು. "ನಮ್ಮನೆಯವರ ಕೈಗೆ ಏನೂ ಕೊಡ್ಬೇಡಿ, ಗಡಿಯಾರ ಕೂಡ. ಅವರ ಕಣ್ಣನ್ನ ನಂಬಬೇಡಿ, ಮಾತನ್ನ ಅಂತೂ ಮೊದಲೇ ನಂಬಬೇಡಿ. ಎರಡು ವರ್ಷ ಪಕ್ಕದಲ್ಲೇ ಮಲಗಿ ನನಗೆ ಮಣ್ಣು ತಿನ್ನಿಸಿದ್ದಾರೆ." ಕೇಳಿದವರು ನಕ್ಕರು. ಕೆಳಗಿನ ಮನೆಯವರೊಬ್ಬರು ರಿಪೇರಿಗೆ ಕೊಟ್ಟಿದ್ದ ಗೋಡೆ ಗಡಿಯಾರವನ್ನು ತಮಾಷೆಗೆ ವಾಪಸು ಕೇಳಿದರು. ಹೂವಕ್ಕನ ಗಂಡ ತಮಾಷೆ ಎಂದು ತಿಳಿಯದೆ ಮರುದಿನವೇ ಒರೆಸಿ ತಂದುಕೊಟ್ಟರು.

ಮನೆಯೊಳಗೆ ಮಾತು ನಿಂತಿತು. ಊಟ, ಹಾಲು, ಕರೆಂಟು ಇಷ್ಟಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದರು. ಪಾತಿಯ ಸುತ್ತ ಹೂವಕ್ಕ ಇಟ್ಟಿಗೆಯ ಒಂದು ಸಾಲು ಇಟ್ಟಳು. ಅದನ್ನು ದಾಟಬಾರದು ಎಂದು ಗಂಡನಿಗೆ ಅಪ್ಪಣೆಯಾಯಿತು. ಅವರು ದಾಟಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವವರೆಗೆ ಹಿಂದಿನ ಮೆಟ್ಟಿಲ ಮೇಲೆ ಕೈಕಟ್ಟಿ ಕೂತು ದೂರದಿಂದ ನೋಡುತ್ತಿದ್ದರಂತೆ. ಕೂತರೆ ಕೂರಲಿ ಎಂದು ಆಕೆ ಬಿಟ್ಟಳು.

ಮುಟ್ಟುವವರಿಲ್ಲದೆ ಮೂರು ವಾರ ಕಳೆದ ಮೇಲೆ ಎಲೆ ಬಂತು. ನಲವತ್ತರಲ್ಲಿ ಹನ್ನೊಂದು. ಹನ್ನೊಂದರಲ್ಲಿ ಮೊಗ್ಗು ಬಿಟ್ಟದ್ದು ಒಂದು, ಅದೂ ತಡವಾಗಿ. ಸಭೆ ಶುಕ್ರವಾರ ಸಂಜೆ ಆರಕ್ಕೆ ಎಂದು ಕೆಳಗಿನ ಬಾಗಿಲಿಗೆ ಚೀಟಿ ಅಂಟಿತು. ಗುರುವಾರ ಸಂಜೆ ನೋಡಿದರೆ ಮೊಗ್ಗಿನ ಕುತ್ತಿಗೆ ನೆಟ್ಟಗಾಗಿತ್ತು, ತುದಿಯಲ್ಲಿ ಕೆಂಪಿನ ಒಂದು ಗೆರೆ. ಹೂವಕ್ಕ ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಶುಕ್ರವಾರ ಉಗ್ರಾಣದಲ್ಲಿ ಎರಡು ಸಲ ಎಣಿಕೆ ತಪ್ಪಿದಳು. ನಾಲ್ಕೂವರೆಗೆ ಓಡೋಡಿ ಬಂದರೆ ಹಿಂದಿನ ಮೆಟ್ಟಿಲ ಮೇಲೆ ಗಂಡ ನಿಂತಿದ್ದರು. ಅಂಗಡಿಗೇ ಹೋಗಿರಲಿಲ್ಲ.

"ಬಿಟ್ಟಿತ್ತು" ಎಂದರು. ನಾಲ್ಕು ತಿಂಗಳಲ್ಲಿ ಅವರಾಗಿಯೇ ಆಡಿದ ಮೊದಲ ಮಾತು. "ಒಂಬತ್ತು ನಲವತ್ತಕ್ಕೆ ಪೂರ್ತಿ ಬಿಟ್ಟಿತ್ತು. ಬಿಸಿಲು ಹೋದ ಮೇಲೆ, ನಾಲ್ಕೂ ಹತ್ತಕ್ಕೆ ಮುಚ್ಕೊಂಡಿತು."

ಹೂವಕ್ಕ ಪಾತಿಗೆ ಓಡಿದಳು. ಅಲ್ಲಿ ಇದ್ದದ್ದು ಮುಷ್ಟಿ ಬಿಗಿದಂತೆ ಮುಚ್ಚಿಕೊಂಡ ಒಂದು ಮೊಗ್ಗು. ನಿನ್ನೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಆ ಜಾತಿಯ ಹೂವು ಬಿಸಿಲಿದ್ದರೆ ತೆರೆದು ಬಿಸಿಲು ಹೋದರೆ ಮುಚ್ಚುತ್ತದೆ ಎಂದು ಪೊಟ್ಟಣದ ಮೇಲೆ ಯಾರೂ ಬರೆದಿರಲಿಲ್ಲ. ಆಕೆ ಅದರ ಮುಂದೆ ಮಂಡಿಯೂರಿ, "ಇನ್ನೊಂದು ಗಂಟೆ ತೆರ್ಕೊಂಡಿರೋಕೆ ಏನಾಗಿತ್ತು ನಿಂಗೆ?" ಎಂದು ಕೇಳಿದಳು. ನಿಜವಾಗಿಯೂ ಕೇಳಿದಳು, ಉತ್ತರ ಬರುವುದೇನೋ ಎಂಬಂತೆ.

ಆರಕ್ಕೆ ಸಭೆ ಕೆಳಗಿನ ಹಜಾರದಲ್ಲಿ ಸೇರಿತು. ಹಿಂದಿನ ಅಂಗಳಕ್ಕೆ ಎಲ್ಲರೂ ಹೋಗಿ, ಟಾರ್ಚು ಬಿಟ್ಟು ನೋಡಿ, ವಾಪಸು ಬಂದು ಕೂತರು.

"ಮೊಗ್ಗಿದೆ ಹೂವಕ್ಕ. ಪುಸ್ತಕದಲ್ಲಿ ಹೂವು ಅಂತ ಇದೆ" ಎಂದರು ಕಾರ್ಯದರ್ಶಿ, ಪಾಪ, ಮೆಲ್ಲಗೆ.

"ಬೆಳಿಗ್ಗೆ ಬಿಟ್ಟಿತ್ತು."

"ಯಾರು ನೋಡಿದ್ರು?"

ಆಕೆಯ ಗಂಡ ಎದ್ದುನಿಂತರು. ಜನರ ಮುಂದೆ ಅವರು ಮಾತಾಡಿದ್ದನ್ನು ಆ ಕಟ್ಟಡ ಕಂಡಿರಲಿಲ್ಲ. "ನಾನು ನೋಡಿದೆ. ಒಂಬತ್ತು ನಲವತ್ತಕ್ಕೆ."

"ಫೋಟೋ ತೆಗೆದ್ರಾ?"

"ನನ್ನ ಫೋನಲ್ಲಿ ಆಗಲ್ಲ. ಸಮಯ ಬರೆದಿಟ್ಟಿದ್ದೀನಿ" ಎಂದು ನೋಟುಬುಕ್ಕು ತೆಗೆದರು. ಹಜಾರವೆಲ್ಲ ನಕ್ಕಿತು. ಯಾರೋ ಹಿಂದಿನಿಂದ, "ಅವರ ಕಣ್ಣು ನಂಬಬೇಡಿ ಅಂತ ಹೂವಕ್ಕನೇ ಹೇಳಿದ್ದಾರೆ" ಎಂದರು. ಮತ್ತೆ ನಗು. ಅವರು ನೋಟುಬುಕ್ಕು ಹಿಡಿದು ನಿಂತೇ ಇದ್ದರು, ಕೂರಬೇಕೋ ಬೇಡವೋ ತಿಳಿಯದೆ.

ಕಾರ್ಯದರ್ಶಿಗೆ ಕನಿಕರ ಬಂದಿರಬೇಕು. "ಹೂವಕ್ಕ, ನೀವು ಕಣ್ಣಾರೆ ನೋಡಿದ್ರಾ? ನೋಡಿದ್ದೀನಿ ಅಂತ ಒಂದು ಮಾತು ಹೇಳಿ, ನಾನು ಹಾಗೇ ಬರ್ಕೋತೀನಿ" ಎಂದರು.

ಒಂದು ಸುಳ್ಳು ಮಾತು, ಅಷ್ಟೆ. ಇಡೀ ಜನ್ಮದಲ್ಲಿ ಮಾತಿಗೆ ತಡವರಿಸದವಳು ಅಲ್ಲಿ ತಡವರಿಸಿದಳು. ನೋಡಿದೆ ಎಂದರೆ ಪಾತಿ ಉಳಿಯುತ್ತಿತ್ತು. ಆದರೆ ನೋಡಿದ ಮನುಷ್ಯ ಪಕ್ಕದಲ್ಲೇ ನೋಟುಬುಕ್ಕು ಹಿಡಿದು ನಿಂತಿದ್ದರು. ಅವರ ನಿಜವನ್ನು ಮೂಲೆಗೆ ತಳ್ಳಿ ತನ್ನ ಸುಳ್ಳನ್ನು ಮುಂದಿಡಲು ಆಕೆಗೆ ಬಾಯಿ ಬರಲಿಲ್ಲ.

"ನಾನು ನೋಡಿಲ್ಲ. ಇವರು ನೋಡಿದ್ದಾರೆ. ಇವರು ನೋಡಿದ್ರೆ ನಾನು ನೋಡಿದ ಹಾಗೇ. ಇವರು ಸುಳ್ಳು ಹೇಳಲ್ಲ."

ಪುಸ್ತಕದ ಮಾತೋ ಈ ಮಾತೋ ಎಂದು ಕಾರ್ಯದರ್ಶಿ ಕೈ ಎತ್ತಿಸಿದರು. ಪಾತಿ ಇರಲಿ ಎಂದವರು ಐದು ಮನೆ. ಸಿಮೆಂಟು ಎಂದವರೂ ಐದು. ಒಂದು ಮನೆಯವರು ಊರಲ್ಲಿರಲಿಲ್ಲ. ಉಳಿದದ್ದು ನಾದಿನಿ. ಅವಳು ಹೂವಕ್ಕನನ್ನೇ ನೋಡುತ್ತ ಸಿಮೆಂಟಿಗೆ ಕೈ ಎತ್ತಿದಳು.

"ಸ್ಕೂಟರಿಗೋಸ್ಕರ ಅಲ್ಲ ಅತ್ತಿಗೆ" ಎಂದಳು. "ಚಳಿಗಾಲ ಪೂರ್ತಿ ನಮ್ಮಣ್ಣನ ಮಾತನ್ನ ಮೆಟ್ಟಿಲ ಮೇಲೆ ಹರಾಜು ಹಾಕಿದ್ರಿ. ಇವತ್ತು ನಿಮ್ಗೆ ಬೇಕು ಅಂತ ಅದಕ್ಕೆ ಬೆಲೆ ಬಂದುಬಿಡ್ತಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೂವಕ್ಕನಿಗೆ ನಾದಿನಿಯ ಮೇಲೆ ಸಿಟ್ಟು ಬಂತು, ಕಾರ್ಯದರ್ಶಿಯ ಮೇಲೆ, ಹೂವಿನ ಮೇಲೆ, ಸಭೆಯನ್ನು ಸಂಜೆ ಇಟ್ಟವರ ಮೇಲೆ ಬಂತು. ಯಾವುದೂ ನಿಲ್ಲಲಿಲ್ಲ. ಸುತ್ತಿ ಸುತ್ತಿ ತನ್ನ ಮೇಲೆಯೇ ಬಂದು ಕೂತಿತು.

ಶನಿವಾರ ಉಗ್ರಾಣದ ವರ್ಷದ ತಪಾಸಣೆ, ರಜೆ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಮೆಂಟಿನವರು ಬಂದರು. ಒಬ್ಬ ಮೇಸ್ತ್ರಿ, ಇಬ್ಬರು ಆಳುಗಳು. ಮೂಲೆಯಲ್ಲಿ ಮರಳು ಸುರಿದು ಕಲಸಲು ಶುರುಮಾಡಿದರು. ಪಾತಿಗೆ ಇನ್ನೂ ನೆರಳು, ಹೂವು ಇನ್ನೂ ಮುಚ್ಚಿತ್ತು. ಹೂವಕ್ಕ ಬಟ್ಟೆ ನೆನೆಸುವ ದೊಡ್ಡ ಟಬ್ಬು ತಂದಿಟ್ಟು, ಇಟ್ಟಿಗೆಯ ಸಾಲನ್ನು ಕಾಲಿನಿಂದ ಸರಿಸಿ, ಗಂಡನಿಗೆ ಹೇಳಿದಳು: "ಬನ್ನಿ. ಇವರು ಸುರಿಯೋ ಮೊದಲು ಬದುಕಿರೋದನ್ನ ಎತ್ತಿಬಿಡಿ."

ಅವರು ಬಂದು ಕೂತರು. ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು. "ಈಗ ಬೇಡ. ನೀನು ನೋಡೇ ಇಲ್ಲ."

"ನೋಡದೆ ಇದ್ರೆ ಏನೀಗ? ಎಲ್ಲ ಮುಗೀತಲ್ಲ."

ಅವರು ಎದ್ದು ಮೇಸ್ತ್ರಿಯ ಹತ್ತಿರ ಹೋದರು. ಏನು ಹೇಳಿದರೋ, ಗೋಡೆಯ ಮೇಲಿನ ಬಿಸಿಲಿನ ಅಂಚನ್ನು ಕೈಯಿಂದ ತೋರಿಸಿದರು. ಮೇಸ್ತ್ರಿ ಹೂವಕ್ಕನ ಕಡೆ ಒಮ್ಮೆ ನೋಡಿ, ಸನಿಕೆ ಕೆಳಗಿಟ್ಟು, ಬೀಡಿ ಹಚ್ಚಿದ. ಕೆಲಸದ ಸದ್ದು ನಿಂತದ್ದಕ್ಕೆ ಕಾರ್ಯದರ್ಶಿ ಇಳಿದು ಬಂದರು. ಮೇಲಿನ ಕಿಟಕಿಯಲ್ಲಿ ನಾದಿನಿಯ ಮುಖ ಕಂಡಿತು.

ಬಿಸಿಲು ಟ್ಯಾಂಕನ್ನು ದಾಟಿ, ಗೋಡೆಯಿಂದ ಇಳಿದು, ಮಣ್ಣಿಗೆ ಬಂತು. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಆ ಮುಷ್ಟಿ ಸಡಿಲವಾಯಿತು. ಒಂದು ದಳ, ಇನ್ನೊಂದು, ಆಮೇಲೆ ಎಲ್ಲವೂ ಹಿಂದಕ್ಕೆ ಬಾಗಿದವು. ಕೆಂಪೆಂದರೆ ಪೊಟ್ಟಣದ ಚಿತ್ರ ಅದರ ಮುಂದೆ ಏನೇನೂ ಅಲ್ಲ. ನಡುವಿನ ಕಪ್ಪಿನ ಸುತ್ತ ಒಂದು ಬಿಳಿಯ ಬಳೆಯಿತ್ತು, ಅದು ಚಿತ್ರದಲ್ಲಿ ಇರಲೇ ಇಲ್ಲ. ಹೂವಕ್ಕನಿಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಯುರಿ. ಇದು ಮೊನ್ನೆಯೂ ಹೀಗೇ ತೆರೆದಿತ್ತು, ನಿನ್ನೆಯೂ ತೆರೆದಿತ್ತು, ತಾನು ಬಿಳಿ ಬಟ್ಟೆ ಎಣಿಸುತ್ತ ಕೂತಿದ್ದಳು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿದಷ್ಟೂ ನೀರು ಬಂತು.

"ಟೈಮೆಷ್ಟು?" ಎಂದರು ಕಾರ್ಯದರ್ಶಿ, ತಮಗೇ ಎಂಬಂತೆ. ಮೇಸ್ತ್ರಿ ಕೈಗಡಿಯಾರ ನೋಡಿ ಹೇಳಿದ, "ಒಂಬತ್ತು ನಲವತ್ತು ಸಾರ್." ಕಾರ್ಯದರ್ಶಿ ತಲೆ ತಗ್ಗಿಸಿದರು. ಆದರೆ ತೀರ್ಮಾನ ತೀರ್ಮಾನವೇ, ಮರಳು ಸಿಮೆಂಟು ಆಗಲೇ ಕಲಸಿಯಾಗಿತ್ತು, ಹೆಚ್ಚು ಹೊತ್ತು ಬಿಟ್ಟರೆ ಗಟ್ಟಿಯಾಗುತ್ತದೆ.

"ಈಗ ಎತ್ತಿ" ಎಂದಳು ಹೂವಕ್ಕ ಗಂಡನಿಗೆ.

ಅವರು ಒಂದೊಂದನ್ನೇ, ಸುತ್ತಲಿನ ಮಣ್ಣಿನ ಸಮೇತ, ನಿದ್ದೆಯಲ್ಲಿರುವ ಮಗುವನ್ನು ಎತ್ತುವಂತೆ ಎತ್ತಿ ಟಬ್ಬಿಗೆ ಇಳಿಸಿದರು. ಯಾವುದು ಎಲ್ಲಿದೆ, ಬೇರು ಯಾವ ಕಡೆ ಹೋಗಿದೆ ಎಂದು ಅವರಿಗೆ ನೋಡದೆಯೇ ಗೊತ್ತಿತ್ತು. ಹನ್ನೊಂದರಲ್ಲಿ ಒಂದರ ಬೇರೂ ಹರಿಯಲಿಲ್ಲ. ಕೆಂಪು ಹೂವು ತಲೆಯನ್ನೂ ಅಲುಗಿಸಲಿಲ್ಲ. ನೋಡುತ್ತಿದ್ದ ಹೂವಕ್ಕನಿಗೆ ಮತ್ತೆ ಮೈಯೆಲ್ಲ ಉರಿದುಹೋಯಿತು.

"ಕೀಳೋಕೆ ಇಷ್ಟು ಚೆನ್ನಾಗಿ ಬರುತ್ತಲ್ರೀ ನಿಮ್ಗೆ. ಕೀಳದೆ ಸುಮ್ನೆ ಇರೋಕೆ ಯಾಕೆ ಬರ್ಲಿಲ್ಲ?"

ಅವರು ಕೈಯ ಮಣ್ಣು ಉದುರಿಸಿಕೊಂಡರು.

"ನಿಂಗೆ ಮಾತು ಹೇಗೋ ನಂಗೆ ಇದು ಹಾಗೆ" ಎಂದರು.

ಹಿಂದಿನಿಂದ ಮೇಸ್ತ್ರಿ, "ಸುರೀಲಾ ಅಮ್ಮಾ?" ಎಂದು ಕೇಳಿದ. ಆಕೆ ಹೂಂ ಎಂದು ತಲೆಯಾಡಿಸಿ, ಟಬ್ಬಿನ ಒಂದು ಕಿವಿಯನ್ನು ಹಿಡಿದಳು. ಮಣ್ಣು ತುಂಬಿ ಅದು ಒಬ್ಬರ ಕೈಲಿ ಏಳುವಂತಿರಲಿಲ್ಲ.

"ಆ ಕಡೆ ಹಿಡ್ಕೊಳ್ಳಿ" ಎಂದಳು. ಅವರು ಹಿಡಿದುಕೊಂಡರು.